ಬಳ್ಳಾರಿಯಿಂದ ಶೆಟ್ಲೆಂಡ್‌ಗೆ: ಕಡಲ ಹಕ್ಕಿ ನೋಡೋ ಪ್ರವಾಸಕ್ಕೆ ಪ್ಲಾನ್ ಮಾಡೋದು ಹೇಗೆ

ಶೆಟ್ಲೆಂಡ್ ಅಂದರೆ ಸ್ಕಾಟ್ಲೆಂಡಿನ ಉತ್ತರಕ್ಕಿರುವ ದ್ವೀಪಗಳ ಗುಂಪು. ಆ ಕಡೆ ಹೊರಡುವವರು ಮೊದಲು ತಿಂಗಳು ಹಿಡಿಯಿರಿ, ಆಮೇಲೆ ದ್ವೀಪ. ವಿಮಾನದ ಟಿಕೆಟ್ ಎಲ್ಲಕ್ಕಿಂತ ಕೊನೆಗೆ. ನಮ್ಮ ಕಡೆ ಜಾಸ್ತಿ ಜನ ಇದನ್ನು ಉಲ್ಟಾ ಮಾಡುತ್ತಾರೆ. ಲಂಡನ್‌ಗೆ ಅಗ್ಗದ ಟಿಕೆಟ್ ಕಂಡಿತು ಅಂತ ಸೆಪ್ಟೆಂಬರ್‌ಗೆ ಬುಕ್ ಮಾಡಿ, ಆಮೇಲೆ ‘ಪಫಿನ್ ಎಲ್ಲಿ ಸಿಗುತ್ತೆ’ ಅಂತ ಕೇಳುತ್ತಾರೆ. ಸೆಪ್ಟೆಂಬರ್‌ನಲ್ಲಿ ಪಫಿನ್ ಅನ್ನೋ ಈ ಪುಟ್ಟ ಕಡಲ ಹಕ್ಕಿ ದಡದಲ್ಲಿ ಎಲ್ಲೂ ಸಿಗಲ್ಲ. ಅದು ನಡುಗಡಲಿಗೆ ಹೋಗಿರುತ್ತದೆ, ಮತ್ತೆ ನೆಲಕ್ಕೆ ಬರೋದು ಮುಂದಿನ ಏಪ್ರಿಲ್‌ಗೆ.

ಸ್ಕಾಟ್ಲೆಂಡಿನ ದೂರದ ದ್ವೀಪಗಳಿಗೆ ಹಕ್ಕಿಗೋಸ್ಕರ ಹೋಗುವವರಿಗೆ ಎರಡು ಕಾಲ ಇವೆ. ಒಂದು ಗೂಡಿನ ಕಾಲ, ಏಪ್ರಿಲ್ ಮಧ್ಯದಿಂದ ಜುಲೈ ಕೊನೆಯವರೆಗೆ. ಕಡಲಂಚಿನ ಬಂಡೆಗಳ ಮೇಲೆ ಗ್ಯಾನೆಟ್, ಗಿಲ್ಲಿಮಾಟ್, ಪಫಿನ್, ಕಿಟ್ಟಿವೇಕ್ ಎಲ್ಲ ತುಂಬಿಕೊಂಡಿರುತ್ತವೆ. ಇನ್ನೊಂದು ವಲಸೆಯ ಕಾಲ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗೆ. ಆಗ ಪೂರ್ವದ ಗಾಳಿ ಬೀಸಿದರೆ ಸೈಬೀರಿಯಾ ಕಡೆಯಿಂದ ದಾರಿ ತಪ್ಪಿದ ಪುಟ್ಟ ಹಕ್ಕಿಗಳು ಬಂದು ಬೀಳುತ್ತವೆ. ಅಲ್ಲಿನ ಪಕ್ಷಿಪ್ರಿಯರಿಗೆ ಈ ಎರಡನೆಯದು ಹಬ್ಬ ಇದ್ದಂತೆ. ನಮಗೆ ಅಷ್ಟು ಲಾಭ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಚಳಿಗಾಲದಲ್ಲಿ ನಮ್ಮ ಜೋಳದ ಹೊಲಗಳಿಗೆ ಹಿಂಡು ಹಿಂಡಾಗಿ ಬರುವ ಗುಲಾಬಿ ಕಬ್ಬಕ್ಕಿ ಇದೆಯಲ್ವಾ, ಅದು ಅಲ್ಲಿ ಒಂದೇ ಒಂದು ಬಂದರೂ ಸುದ್ದಿ. ಅದನ್ನು ನೋಡೋಕೆ ಅಷ್ಟು ದೂರ ಯಾಕೆ ಹೋಗಬೇಕು? ಸಿರುಗುಪ್ಪ ದಾರಿಯಲ್ಲಿ ಬೈಕ್ ನಿಲ್ಲಿಸಿದರೆ ಸಾಕು.

ಹಾಗಾಗಿ ಜೂನ್. ಇದರಲ್ಲಿ ಒಂದು ತೊಂದರೆ ಇದೆ. ಜೂನ್‌ಗೆ ನಮ್ಮಲ್ಲಿ ಶಾಲೆ ಶುರುವಾಗಿರುತ್ತದೆ, ಮಳೆ ಬಿದ್ದರೆ ಬಿತ್ತನೆ ಬೇರೆ. ಮೇಷ್ಟ್ರುಗಳು, ಮಕ್ಕಳನ್ನು ಕರ್ಕೊಂಡು ಹೋಗುವವರು ಮೇ ಎರಡನೇ ಭಾಗಕ್ಕೆ ಹಾಕಿಕೊಳ್ಳಬಹುದು. ಆಗಲೂ ಪಫಿನ್ ಇರುತ್ತದೆ, ಗ್ಯಾನೆಟ್ ಇರುತ್ತದೆ. ಒಂದೆರಡು ಹಕ್ಕಿ ಮಾತ್ರ ಕೈಕೊಡಬಹುದು, ಅವು ಯಾವುವು ಅಂತ ಕೆಳಗೆ ಹೇಳುತ್ತೇನೆ. ಆಗಸ್ಟ್‌ಗೆ ಮಾತ್ರ ಬೇಡವೇ ಬೇಡ. ಬಂಡೆಗಳು ಖಾಲಿಯಾಗುತ್ತಾ ಹೋಗುತ್ತವೆ, ಪ್ರವಾಸಿಗರು ತುಂಬಿರುತ್ತಾರೆ, ರೂಮಿನ ಬಾಡಿಗೆ ಕಡಿಮೆ ಆಗಿರಲ್ಲ.

ಯಾವ ದ್ವೀಪ?

ಸ್ಕಾಟ್ಲೆಂಡ್‌ಗೆ ನೂರಾರು ದ್ವೀಪ ಇವೆ. ಮೊದಲ ಸಲ ಹೋಗುವವರು ಒಂದೇ ಗುಂಪು ಆರಿಸಿಕೊಳ್ಳಿ. ಶೆಟ್ಲೆಂಡ್, ಆರ್ಕ್ನಿ, ಹೆಬ್ರಿಡೀಸ್ ಮೂರೂ ಒಂದೇ ಸಲ ಮುಗಿಸುತ್ತೇವೆ ಅಂತ ಹೊರಟರೆ ಹಕ್ಕಿಗಿಂತ ಹಡಗುಕಟ್ಟೆಗಳನ್ನೇ ಜಾಸ್ತಿ ನೋಡಿಕೊಂಡು ಬರುತ್ತೀರಿ.

ಪಶ್ಚಿಮದ ಹೆಬ್ರಿಡೀಸ್ ಒಳ್ಳೆಯದೇ. ನಾರ್ತ್ ಯೂಸ್ಟ್ ದ್ವೀಪದ ಬಾಲ್ರನಾಲ್ಡ್‌ನಲ್ಲಿ ಕಾರ್ನ್‌ಕ್ರೇಕ್ ಸಿಗುತ್ತದೆ. ನಮ್ಮ ಹುಂಡುಕೋಳಿಯ ಸಂಬಂಧಿ, ಹುಲ್ಲಿನೊಳಗೆ ಕೂತು ರಾತ್ರಿಯೆಲ್ಲ ಕರ್ರ್ ಕರ್ರ್ ಅಂತ ಕಿರುಚುತ್ತದೆ, ಮುಖ ಮಾತ್ರ ತೋರಿಸಲ್ಲ. ಬಿಳಿಬಾಲದ ಕಡಲ ಹದ್ದೂ ಆ ಕಡೆ ಚೆನ್ನಾಗಿ ಸಿಗುತ್ತದೆ. ಬ್ರಿಟನ್‌ನಲ್ಲಿ ಅದು ಪೂರ್ತಿ ಅಳಿದುಹೋಗಿತ್ತು. 1975ರಿಂದ ನಾರ್ವೆಯ ಮರಿಗಳನ್ನು ತಂದು ರಮ್ ದ್ವೀಪದಲ್ಲಿ ಬಿಟ್ಟು ಮತ್ತೆ ಬೆಳೆಸಿದರು. ನಮ್ಮ ಎರೆಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಸಿರುಗುಪ್ಪದ ಕಡೆ ಬೆರಳೆಣಿಕೆಗೆ ಇಳಿದಿರೋದನ್ನು ನೋಡಿದವರಿಗೆ ಈ ಕಥೆ ಕೇಳಿದರೆ ಸ್ವಲ್ಪ ಹೊಟ್ಟೆಕಿಚ್ಚು ಆಗುತ್ತದೆ.

ಆದರೆ ಮೊದಲ ಸಲಕ್ಕೆ ನಾನು ಶೆಟ್ಲೆಂಡ್ ಅಂತಲೇ ಹೇಳೋದು. ಯಾಕಂದರೆ ಅಲ್ಲಿ ಕಡಲ ಹಕ್ಕಿಗಳ ಹತ್ತಿರಕ್ಕೆ ಕಾರಿನಲ್ಲೇ ಹೋಗಬಹುದು. ರಸ್ತೆ ಚೆನ್ನಾಗಿದೆ. ಒಂದು ಕಡೆ ಗಾಳಿ ಜಾಸ್ತಿ ಇದ್ದರೆ ಇನ್ನೊಂದು ಕಡೆಯ ದಡಕ್ಕೆ ಹೋಗಬಹುದು. ದೋಣಿ ಹೊರಡದಿದ್ದರೂ ಆ ದಿನ ಹಾಳಾಗಲ್ಲ.

ಸೇಂಟ್ ಕಿಲ್ಡಾ ಬಗ್ಗೆ ಎಲ್ಲರೂ ಕೇಳುತ್ತಾರೆ, ಅದನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಹೆಬ್ರಿಡೀಸ್‌ನಿಂದಲೂ ಆಚೆಗೆ, ಸುಮಾರು 64 ಕಿಲೋಮೀಟರ್ ದೂರದ ಅಟ್ಲಾಂಟಿಕ್‌ನಲ್ಲಿದೆ. ಬ್ರಿಟನ್ನಿನ ಅತಿ ದೊಡ್ಡ ಪಫಿನ್ ನೆಲೆ ಅದೇ. ಒಂದು ಕಾಲದಲ್ಲಿ ಅಲ್ಲಿ ಜನ ಇದ್ದರು. ಕಡಲ ಹಕ್ಕಿಗಳನ್ನೇ ತಿಂದು, ಅವುಗಳ ಪುಕ್ಕವನ್ನೇ ಜಮೀನ್ದಾರನಿಗೆ ಗುತ್ತಿಗೆಯಾಗಿ ಕೊಟ್ಟು ಬದುಕುತ್ತಿದ್ದರು. ಕೊನೆಗೆ ಉಳಿದಿದ್ದ 36 ಜನ 1930ರ ಆಗಸ್ಟ್ 29ರಂದು ಊರು ಬಿಟ್ಟು ಹೊರಟರು. ಈಗ ಹ್ಯಾರಿಸ್ ಅಥವಾ ಸ್ಕೈ ದ್ವೀಪದಿಂದ ಬೆಳಿಗ್ಗೆ ಹೋಗಿ ಸಂಜೆ ಬರುವ ಬೋಟುಗಳಿವೆ. ದುಬಾರಿ, ಸಮುದ್ರ ಒರಟು, ಗಾಳಿ ಎದ್ದರೆ ಬೋಟು ಹೊರಡಲ್ಲ. ಒಂದೇ ದಿನ ನೆಚ್ಚಿಕೊಂಡು ಹೋದರೆ ಕೈಗೆ ಸಿಗಲ್ಲ. ಎರಡನೇ ಸಲ ಹೋಗುವಾಗ ನೋಡಿ.

ಕಾಗದಪತ್ರ

ಬ್ರಿಟನ್‌ಗೆ ನಮಗೆ ವೀಸಾ ಬೇಕೇ ಬೇಕು. ಸ್ಟ್ಯಾಂಡರ್ಡ್ ವಿಸಿಟರ್ ಅಂತ ಅರ್ಜಿ ಹಾಕಬೇಕು. ಹೊರಡುವ ದಿನಕ್ಕೆ ಮೂರು ತಿಂಗಳಿಗಿಂತ ಮುಂಚೆ ಹಾಕೋಕೆ ಬರಲ್ಲ. ಮಾಮೂಲಿ ಮೂರು ವಾರದಲ್ಲಿ ಉತ್ತರ ಬರುತ್ತದೆ, ಬೇಸಿಗೆ ರಶ್‌ನಲ್ಲಿ ತಡವಾಗಬಹುದು. ಜೂನ್ ಎರಡನೇ ವಾರ ಹೊರಡುವವರು ಮಾರ್ಚ್ ಕೊನೆಗೇ ಅರ್ಜಿ ಹಾಕಿಬಿಡಿ. ಆನ್‌ಲೈನ್‌ನಲ್ಲಿ ತುಂಬಿ, ಬೆರಳಚ್ಚು ಕೊಡೋಕೆ ಬೆಂಗಳೂರು ಅಥವಾ ಹೈದರಾಬಾದ್‌ಗೆ ಹೋಗಬೇಕು. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ. ಬಳ್ಳಾರಿಯವರು ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು.

ವೀಸಾ ಕೊಡುವವರು ಮುಖ್ಯವಾಗಿ ನೋಡೋದು ಎರಡು ವಿಷಯ. ಖರ್ಚಿಗೆ ದುಡ್ಡು ಇದೆಯಾ, ವಾಪಸ್ ಬರೋಕೆ ಕಾರಣ ಇದೆಯಾ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಅರ್ಜಿಯ ಹಿಂದಿನ ವಾರ ಒಮ್ಮೆಗೇ ಲಕ್ಷಗಟ್ಟಲೆ ಬಂದು ಕೂತಿದ್ದರೆ ಅನುಮಾನ ಪಡುತ್ತಾರೆ. ಬೆಳೆ ಮಾರಿದ ದುಡ್ಡಾದರೆ ಎಪಿಎಂಸಿ ರಸೀದಿ ಜತೆಗಿಡಿ. ಸರ್ಕಾರಿ ನೌಕರರು ಇಲಾಖೆಯ ಅನುಮತಿ ಪತ್ರಕ್ಕೆ ಮೊದಲೇ ಬೆನ್ನು ಹತ್ತಿ, ಅದು ವೀಸಾಕ್ಕಿಂತ ತಡ ಆಗುತ್ತದೆ. ಜಮೀನು ಇದ್ದವರು ಪಹಣಿ ಇಡಬಹುದು. ಆದರೆ ಕನ್ನಡದ ಪಹಣಿಯನ್ನು ಹಾಗೇ ಕೊಟ್ಟರೆ ಲೆಕ್ಕಕ್ಕೆ ಬರಲ್ಲ. ಇಂಗ್ಲಿಷ್ ಅನುವಾದ ಬೇಕು, ಅದರಲ್ಲಿ ‘ಇದು ಸರಿಯಾದ ಅನುವಾದ’ ಅನ್ನೋ ಒಂದು ಮಾತು, ಅನುವಾದ ಮಾಡಿದವರ ಪೂರ್ತಿ ಹೆಸರು, ಸಹಿ, ದಿನಾಂಕ, ಫೋನ್ ನಂಬರ್ ಇಷ್ಟೂ ಇರಬೇಕು. ಪ್ರವಾಸದ ಉದ್ದೇಶ ಅಂತ ಕೇಳಿದಾಗ ಹಕ್ಕಿ ನೋಡೋದು ಅಂತಲೇ ಬರೆಯಿರಿ, ಸಂಕೋಚ ಬೇಡ. ಯಾವ ದಿನ ಯಾವ ದ್ವೀಪ ಅಂತ ಒಂದು ಪುಟದ ಪಟ್ಟಿ ಹಚ್ಚಿ.

ವೀಸಾ ಬರೋ ಮುಂಚೆ ರದ್ದು ಮಾಡಿದರೆ ದುಡ್ಡು ವಾಪಸ್ ಬರುವಂಥ ಬುಕಿಂಗ್ ಮಾತ್ರ ಮಾಡಿ. ಇದಕ್ಕೆ ಒಂದು ಅಪವಾದ ಇದೆ: ಕಾರು. ಶೆಟ್ಲೆಂಡ್‌ನಲ್ಲಿ ಬಾಡಿಗೆ ಕಾರು ಎಷ್ಟಿವೆಯೋ ಅಷ್ಟೇ, ಬೇಸಿಗೆಯಲ್ಲಿ ಬೇಗ ಖಾಲಿಯಾಗುತ್ತವೆ. ಜನವರಿಯಲ್ಲೇ ಕೇಳಿ ಹಿಡಿದಿಡಿ. ನಮ್ಮ ಡ್ರೈವಿಂಗ್ ಲೈಸೆನ್ಸ್ ಅಲ್ಲಿ ಪ್ರವಾಸಿಗರಿಗೆ 12 ತಿಂಗಳವರೆಗೆ ನಡೆಯುತ್ತದೆ. ಕಾರ್ಡ್ ಕೈಯಲ್ಲಿರಲಿ, ಫೋನಿನಲ್ಲಿ ಡಿಜಿಲಾಕರ್ ತೋರಿಸಿ ಕೆಲಸ ಸಾಗಿಸೋ ಯೋಚನೆ ಬೇಡ. ಅಲ್ಲೂ ಎಡಗಡೆಯೇ ಓಡಿಸೋದು, ಆ ಭಯ ಇಲ್ಲ. ಒಂದೇ ಗಾಡಿ ಹಿಡಿಸುವ ರಸ್ತೆಗಳಲ್ಲಿ ಅಲ್ಲಲ್ಲಿ ದಾರಿ ಬಿಡೋಕೆ ಅಂತ ಜಾಗ ಮಾಡಿರುತ್ತಾರೆ. ಹಕ್ಕಿ ಕಂಡಿತು ಅಂತ ಅಲ್ಲಿ ಕಾರು ನಿಲ್ಲಿಸಬೇಡಿ, ಊರವರಿಗೆ ಸಿಟ್ಟು ಬರುತ್ತದೆ. ಕುರಿಗಳು ರಸ್ತೆ ಮೇಲೇ ಮಲಗಿರುತ್ತವೆ. ನಮಗೆ ಅದೇನು ಹೊಸದಲ್ಲ ಬಿಡಿ.

ಹೋಗೋದು, ಅದಕ್ಕಿಂತ ಮುಖ್ಯವಾಗಿ ಬರೋದು

ಬೆಂಗಳೂರು ಅಥವಾ ಹೈದರಾಬಾದಿನಿಂದ ಲಂಡನ್ ಮೂಲಕವೋ ಗಲ್ಫ್ ಮೂಲಕವೋ ಎಡಿನ್‌ಬರೋ. ಅಲ್ಲಿಂದ ರೈಲಿನಲ್ಲಿ ಎರಡೂವರೆ ಗಂಟೆ ಪ್ರಯಾಣ ಮಾಡಿದರೆ ಆಬರ್ಡೀನ್. ಆಬರ್ಡೀನ್‌ನಿಂದ ನಾರ್ತ್‌ಲಿಂಕ್ ಕಂಪನಿಯ ಹಡಗು ಸಂಜೆ ಹೊರಟು ಬೆಳಿಗ್ಗೆ ಏಳೂವರೆಗೆ ಶೆಟ್ಲೆಂಡಿನ ಲರ್ವಿಕ್ ಮುಟ್ಟುತ್ತದೆ. ನೇರ ಹೋಗುವ ದಿನ ಏಳಕ್ಕೆ, ಆರ್ಕ್ನಿಯ ಕರ್ಕ್‌ವಾಲ್ ಮುಟ್ಟಿಕೊಂಡು ಹೋಗುವ ದಿನ ಐದಕ್ಕೆ ಬಿಡುತ್ತದೆ. ವಿಮಾನವೂ ಇದೆ, ಲೋಗನ್‌ಏರ್‌ನವರದ್ದು, ಸಂಬರ್ಗ್‌ನಲ್ಲಿ ಇಳಿಯುತ್ತದೆ. ಬೇಸಿಗೆಯಲ್ಲಿ ಕಡಲಿನಿಂದ ಮಂಜು ಎದ್ದು ಬಂದರೆ ವಿಮಾನ ಇಳಿಯಲ್ಲ.

ನಾನಾದರೆ ಹೋಗುವಾಗ ಹಡಗು ಅನ್ನುತ್ತೇನೆ. ದುಡ್ಡು ಉಳಿಯುತ್ತದೆ ಅಂತ ಮಾತ್ರ ಅಲ್ಲ. ಜೂನ್‌ನಲ್ಲಿ ಬೆಳಕು ತುಂಬಾ ಹೊತ್ತು ಇರುತ್ತದೆ, ಡೆಕ್ ಮೇಲೆ ನಿಂತರೆ ಮೊದಲ ದಿನವೇ ಕಡಲ ಹಕ್ಕಿಯ ಅಭ್ಯಾಸ ಆಗುತ್ತದೆ. ಆಬರ್ಡೀನ್ ಬಂದರಿನ ಬಾಯಿ ದಾಟುವಾಗ ಡಾಲ್ಫಿನ್‌ಗಳಿಗೆ ಕಣ್ಣಿಡಿ. ಆಮೇಲೆ ಗ್ಯಾನೆಟ್ ಶುರು. ಆರಡಿ ರೆಕ್ಕೆ, ಪೂರ್ತಿ ಬಿಳಿ ಮೈ, ರೆಕ್ಕೆ ತುದಿ ಮಾತ್ರ ಇದ್ದಿಲಿನಲ್ಲಿ ಅದ್ದಿದಂತೆ ಕಪ್ಪು. ಎತ್ತರದಿಂದ ರೆಕ್ಕೆ ಮಡಚಿ ನೇರ ನೀರಿಗೆ ಬೀಳುತ್ತದೆ. ನಮ್ಮ ಟಿ.ಬಿ. ಡ್ಯಾಮ್ ಹಿನ್ನೀರಿನಲ್ಲಿ ರೀವ ಹಕ್ಕಿ ಮೀನಿಗೆ ಎಗರೋದನ್ನು ನೋಡಿ ಖುಷಿಪಟ್ಟವರಿಗೆ ಇದು ಅದರ ಹತ್ತು ಪಟ್ಟು.

ವಾಂತಿಯ ಮಾತ್ರೆ ಹಡಗು ಹತ್ತೋ ಮುಂಚೆಯೇ ನುಂಗಬೇಕು. ಹೊಟ್ಟೆ ತೊಳಸಿದ ಮೇಲೆ ನುಂಗಿದರೆ ಉಪಯೋಗ ಇಲ್ಲ. ಯಾವ ಮಾತ್ರೆ ಅಂತ ನಿಮ್ಮ ಡಾಕ್ಟರನ್ನು ಕೇಳಿ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದ ಧೈರ್ಯವನ್ನು ಉತ್ತರ ಸಮುದ್ರಕ್ಕೆ ತರಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಶೆಟ್ಲೆಂಡ್‌ನಿಂದ ವಾಪಸ್ ಬಂದ ಮೇಲೆ, ಊರಿನ ವಿಮಾನಕ್ಕೆ ಮುಂಚೆ, ಎರಡು ರಾತ್ರಿ ಖಾಲಿ ಇಡಿ. ಒಂದಲ್ಲ, ಎರಡು. ಗಾಳಿಗೆ ಹಡಗು ನಿಲ್ಲುತ್ತದೆ, ಮಂಜಿಗೆ ವಿಮಾನ ನಿಲ್ಲುತ್ತದೆ, ಎರಡೂ ಒಂದೇ ದಿನ ಆಗಬಾರದು ಅಂತೇನಿಲ್ಲ. ದ್ವೀಪದವರಿಗೆ ಇದು ದಿನದ ಮಾತು, ಯಾರೂ ಗಾಬರಿಯಾಗಲ್ಲ. ಗಾಬರಿಯಾಗೋದು ಮರುದಿನ ಲಂಡನ್‌ನಲ್ಲಿ ವಿಮಾನ ಹಿಡಿಯಬೇಕಾದ ನಾವು. ಆ ಎರಡು ದಿನ ಸುಮ್ನೆ ವೇಸ್ಟ್ ಅಂತ ಯೋಚಿಸಬೇಡಿ. ಎಡಿನ್‌ಬರೋ ಹತ್ತಿರದ ನಾರ್ತ್ ಬೆರಿಕ್‌ನಿಂದ ಬಾಸ್ ರಾಕ್ ಅನ್ನೋ ಗ್ಯಾನೆಟ್ ಬಂಡೆಗೆ ಬೋಟು ಹೋಗುತ್ತದೆ. ಎಲ್ಲ ಸರಿಯಾಗಿ ನಡೆದರೆ ಅಲ್ಲಿಗೆ ಹೋಗಿ ಬನ್ನಿ.

ಶೆಟ್ಲೆಂಡಿನೊಳಗೆ

ಹತ್ತು ದಿನ ಇದ್ದರೆ ಚೆನ್ನ. ಅದನ್ನು ಎರಡು ಭಾಗ ಮಾಡಿ. ದಕ್ಷಿಣಕ್ಕೆ ಲರ್ವಿಕ್ ಅಥವಾ ಸಂಬರ್ಗ್ ಕಡೆ ಅರ್ಧ, ಉತ್ತರದ ಅನ್ಸ್ಟ್ ದ್ವೀಪದಲ್ಲಿ ಅರ್ಧ. ದಿನಾ ಲರ್ವಿಕ್‌ನಿಂದ ಅನ್ಸ್ಟ್‌ಗೆ ಹೋಗಿ ಬರ್ತೀವಿ ಅಂದರೆ ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ನಡುವೆ ಎರಡು ಫೆರ್ರಿ ದಾಟಬೇಕು: ಟಾಫ್ಟ್‌ನಿಂದ ಯೆಲ್ ದ್ವೀಪಕ್ಕೆ 20 ನಿಮಿಷ, ಯೆಲ್‌ನಿಂದ ಅನ್ಸ್ಟ್‌ಗೆ 10 ನಿಮಿಷ. ಕಾರಿಗೆ ಜಾಗ ಮೊದಲೇ ಬುಕ್ ಮಾಡಿಕೊಳ್ಳಿ.

ಪಫಿನ್‌ಗೆ ಸಂಬರ್ಗ್ ಹೆಡ್. ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ಅಲ್ಲಿಗೆ ಹೋಗೋ ರಸ್ತೆ ರನ್‌ವೇಯನ್ನೇ ದಾಟುತ್ತದೆ, ರೈಲ್ವೆ ಗೇಟ್ ತರಹ ಗೇಟ್ ಹಾಕಿ ವಿಮಾನ ಹೋಗೋ ತನಕ ಕಾರುಗಳನ್ನು ನಿಲ್ಲಿಸುತ್ತಾರೆ. ಮೇಲೆ 1821ರ ದೀಪಸ್ತಂಭ, ಅದರ ಕೆಳಗಿನ ಹುಲ್ಲಿನ ಇಳಿಜಾರಿನಲ್ಲಿ ಪಫಿನ್ ಬಿಲಗಳು. ಕಲ್ಲಿನ ಗೋಡೆಯ ಈಚೆ ನಿಂತರೆ ಸಾಕು, ಟೆಲಿಸ್ಕೋಪ್ ಕೂಡ ಬೇಡ. ಮಧ್ಯಾಹ್ನ ಹೋಗಿ ‘ಏನೂ ಇಲ್ಲ’ ಅಂತ ವಾಪಸ್ ಬರಬೇಡಿ. ಹಗಲಲ್ಲಿ ಬಹಳಷ್ಟು ಪಫಿನ್ ಮೀನಿಗೆ ಕಡಲಿಗೆ ಹೋಗಿರುತ್ತವೆ. ಸಂಜೆ ಏಳರ ಮೇಲೆ ಹೋಗಿ. ಜೂನ್‌ನಲ್ಲಿ ಅಲ್ಲಿ ಹೊತ್ತು ಮುಳುಗೋದೇ ರಾತ್ರಿ ಹತ್ತೂವರೆಗೆ. ಒಂದೊಂದೇ ಬಂದು ಇಳಿಯುತ್ತವೆ, ಕಾಲು ಅಗಲಿಸಿ, ರೆಕ್ಕೆ ಪಟಪಟ ಬಡಿಯುತ್ತಾ. ಕೊಕ್ಕಿನಲ್ಲಿ ಅಡ್ಡಡ್ಡಲಾಗಿ ಬೆಳ್ಳಿ ಎಳೆಯಂಥ ಸಣ್ಣ ಮೀನುಗಳು, ಬಾಲಗಳು ಎರಡೂ ಕಡೆ ಜೋತಾಡುತ್ತಿರುತ್ತವೆ. ಇಳಿದ ತಕ್ಷಣ ಆ ಕಡೆ ಈ ಕಡೆ ನೋಡಿ ಬಿಲದೊಳಗೆ ನುಗ್ಗುತ್ತದೆ. ಫೋಟೋದಲ್ಲಿ ನೋಡಿ ಬಾತುಕೋಳಿಯಷ್ಟು ದೊಡ್ಡದು ಅಂದುಕೊಂಡಿರುತ್ತೀರಿ, ನಿಜದಲ್ಲಿ ಕಾಗೆಗಿಂತ ಚಿಕ್ಕದು.

ಎರಡನೆಯದು ಮೂಸಾ ದ್ವೀಪ, ಅದೂ ರಾತ್ರಿ. ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಕೆಲವು ರಾತ್ರಿ ಮಾತ್ರ ಸ್ಯಾಂಡ್‌ವಿಕ್‌ನಿಂದ ಬೋಟು ಬಿಡುತ್ತಾರೆ. ಸೀಟು ಬೇಗ ತುಂಬುತ್ತದೆ, ಬುಕಿಂಗ್ ತೆರೆದ ಕೂಡಲೇ ಮಾಡಿ. ಪ್ರವಾಸದ ಮೊದಲ ಭಾಗದಲ್ಲೇ ಇಟ್ಟುಕೊಳ್ಳಿ, ಗಾಳಿಗೆ ರದ್ದಾದರೆ ಇನ್ನೊಂದು ರಾತ್ರಿ ಕೇಳೋಕೆ ಅವಕಾಶ ಇರುತ್ತದೆ. ದ್ವೀಪದಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ಗುಂಡನೆ ಕಲ್ಲಿನ ಗೋಪುರ ಇದೆ, 13 ಮೀಟರ್ ಎತ್ತರ. ಗಾರೆ ಇಲ್ಲದೆ ಚಪ್ಪಡಿ ಕಲ್ಲು ಪೇರಿಸಿ ಕಟ್ಟಿದ್ದು. ಆನೆಗೊಂದಿ, ಹಂಪಿ ಕಡೆಯ ಕಲ್ಲಿನ ಕೋಟೆ ಗೋಡೆ ನೋಡಿ ಬೆಳೆದವರೂ ಒಂದು ಕ್ಷಣ ನಿಂತು ನೋಡುತ್ತಾರೆ. ಆ ಕಲ್ಲಿನ ಸಂದಿಗಳಲ್ಲಿ ಸ್ಟಾರ್ಮ್ ಪೆಟ್ರೆಲ್ ಗೂಡು ಮಾಡಿರುತ್ತದೆ. ಗುಬ್ಬಿಗಿಂತ ಅಷ್ಟೇನೂ ದೊಡ್ಡದಲ್ಲ, 25 ಗ್ರಾಂ ತೂಕ, ಚಳಿಗಾಲಕ್ಕೆ ದಕ್ಷಿಣ ಆಫ್ರಿಕಾದ ಕಡಲಿನವರೆಗೆ ಹೋಗಿ ಬರುವ ಹಕ್ಕಿ. ಹಗಲಲ್ಲಿ ಹೊರಗೆ ಬಂದರೆ ಕಡಲಕಾಗೆಗಳು, ಸ್ಕುವಾ ಅನ್ನೋ ಬೇಟೆಗಾರ ಕಡಲ ಹಕ್ಕಿಗಳು ಹಿಡಿದು ತಿನ್ನುತ್ತವೆ ಅಂತ ಕತ್ತಲಾದ ಮೇಲೇ ಗೂಡಿಗೆ ಬರೋದು. ಮಧ್ಯರಾತ್ರಿ ಹೊತ್ತಿಗೆ ಗೋಡೆಯ ಒಳಗಿನಿಂದ ಗೊರ್ರ್ ಅಂತ ಸದ್ದು, ತಲೆ ಸುತ್ತ ಬಾವಲಿ ಹಾರಿದಂತೆ ಕಪ್ಪು ನೆರಳು. ಟಾರ್ಚ್, ಫ್ಲಾಶ್ ಹಾಕುವ ಹಾಗಿಲ್ಲ. ಕ್ಯಾಮೆರಾ ರೂಮಿನಲ್ಲೇ ಬಿಟ್ಟು ಹೋಗಿ.

ಉತ್ತರಕ್ಕೆ ಹೋದರೆ ಅನ್ಸ್ಟ್ ದ್ವೀಪದ ಹರ್ಮನೆಸ್. ಜೌಗು ಬಯಲಿನಲ್ಲಿ ಹಲಗೆ ಹಾಸಿದ ದಾರಿ ಹಿಡಿದು ನಡೆದರೆ ಕೊನೆಗೆ ಗ್ಯಾನೆಟ್‌ಗಳ ಬಂಡೆಗೋಡೆ, ಆಚೆ ಮಕ್ಕಲ್ ಫ್ಲಗ್ಗಾ ದೀಪಸ್ತಂಭ, ಅದರಾಚೆ ಬರೀ ಕಡಲು. ಬಯಲಿನಲ್ಲಿ ದೊಡ್ಡ ಸ್ಕುವಾ ಇರುತ್ತದೆ. ಗೂಡಿನ ಹತ್ತಿರ ಹೋದರೆ ತಲೆಗೇ ಎಗರುತ್ತದೆ. ಒಂದು ಕೋಲು ತಲೆಗಿಂತ ಎತ್ತರಕ್ಕೆ ಹಿಡಿದುಕೊಂಡರೆ ಕೋಲಿನ ತುದಿಗೆ ಬರುತ್ತದೆ, ನಿಮ್ಮ ಬುರುಡೆ ಉಳಿಯುತ್ತದೆ. ದಾರಿ ಬಿಟ್ಟು ಇಳಿಯದಿದ್ದರೆ ಈ ಪ್ರಶ್ನೆಯೇ ಬರಲ್ಲ. ಜಗತ್ತಿನ ದೊಡ್ಡ ಸ್ಕುವಾಗಳಲ್ಲಿ ಸುಮಾರು 60% ಗೂಡು ಮಾಡೋದು ಸ್ಕಾಟ್ಲೆಂಡ್‌ನಲ್ಲೇ. 2021ರಿಂದ ಹಕ್ಕಿಜ್ವರ ಬಂದು ಅವುಗಳಿಗೆ ದೊಡ್ಡ ಹೊಡೆತ ಬಿತ್ತು. ಬ್ರಿಟನ್ನಿನ ಎಣಿಕೆಯಲ್ಲಿ ಸ್ಕುವಾ 76%, ಗ್ಯಾನೆಟ್ 25% ಕಡಿಮೆಯಾಗಿವೆ ಅಂತ 2024ರಲ್ಲಿ ಪ್ರಕಟವಾಯಿತು. ಹಳೆಯ ಪ್ರವಾಸ ಕಥನಗಳನ್ನು ಓದಿಕೊಂಡು ‘ಬಯಲು ತುಂಬ ಸ್ಕುವಾ’ ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ.

ಅನ್ಸ್ಟ್‌ನಲ್ಲಿ ಸೋಫಾ, ಟಿವಿ, ಪರದೆ ಎಲ್ಲ ಇಟ್ಟು ಸಿಂಗರಿಸಿದ ಬಸ್ ಸ್ಟಾಪ್ ಒಂದಿದೆ. ಹಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಮಳೆ ಬಂದಾಗ ಕೂತು ರೊಟ್ಟಿ ತಿನ್ನೋಕೆ ಒಳ್ಳೆಯ ಜಾಗ.

ಇನ್ನು ಫೆಟ್ಲರ್ ದ್ವೀಪ. ಜೂನ್ ಬೇಕು ಅಂದೆನಲ್ಲ, ಅದಕ್ಕೆ ಒಂದು ಕಾರಣ ಈ ದ್ವೀಪ. ಅಲ್ಲಿನ ಫಿನ್ನಿ (Funzie) ಕೆರೆಯಲ್ಲಿ ಕೆಂಪುಕತ್ತಿನ ಫ್ಯಾಲರೋಪ್ ಬರುತ್ತದೆ. ಮೇ ಮಧ್ಯದಲ್ಲಿ ಹೋದವರಿಗೆ ಇದು ಸಿಗದೇ ಹೋಗಬಹುದು, ಮೂಸಾದ ರಾತ್ರಿ ಬೋಟೂ ಅಷ್ಟೇ. ಕೆರೆ ದಡದ ಕಲ್ಲಿನ ಮೇಲೆ ಅಲ್ಲಾಡದೆ ಕೂತಿರಿ. ಹುಡುಕಿಕೊಂಡು ಓಡಾಡಿದರೆ ಸಿಗಲ್ಲ, ಕೂತರೆ ಅದೇ ಬರುತ್ತದೆ. ನೀರಲ್ಲಿ ಬುಗುರಿ ತರಹ ಗಿರಗಿರ ತಿರುಗಿ ಹುಳ ಮೇಲೆಬ್ಬಿಸಿ ಹೆಕ್ಕುತ್ತದೆ. ಚೆಂದ ಬಣ್ಣ ಇರೋದು ಹೆಣ್ಣಿಗೆ. ಮೊಟ್ಟೆಗೆ ಕಾವು ಕೊಡೋದು, ಮರಿ ಸಾಕೋದು ಗಂಡು. ನಮ್ಮ ಕೆರೆಗಳ ದೇವನಕ್ಕಿಯಲ್ಲೂ ಸಂಸಾರ ಹೀಗೇ ಅಲ್ವಾ? 2012ರಲ್ಲಿ ಇಲ್ಲಿನ ಹಕ್ಕಿಗಳಿಗೆ ಪುಟ್ಟ ಯಂತ್ರ ಕಟ್ಟಿದ್ದರು. ಮರುವರ್ಷ ಸಿಕ್ಕ ಒಂದರ ದಾಖಲೆ ತೆಗೆದು ನೋಡಿದರೆ, ಅದು ಅಟ್ಲಾಂಟಿಕ್ ದಾಟಿ, ಅಮೆರಿಕದ ಕರಾವಳಿ ಹಿಡಿದು ಇಳಿದು, ಮಧ್ಯ ಅಮೆರಿಕ ಹಾದು ಈಕ್ವೆಡಾರ್–ಪೆರು ಕಡೆಯ ಪೆಸಿಫಿಕ್ ಕಡಲಿಗೆ ಹೋಗಿ ಚಳಿಗಾಲ ಕಳೆದು ವಾಪಸ್ ಬಂದಿತ್ತು. ಹೋಗಿ ಬರೋದು ಸೇರಿ ಸುಮಾರು 25 ಸಾವಿರ ಕಿಲೋಮೀಟರ್.

ನೀರುನಾಯಿ ಬೇಕಿದ್ದವರು ನೀರು ಇಳಿದ ಹೊತ್ತಿನಲ್ಲಿ ಯೆಲ್ ದ್ವೀಪದ ದಡಗಳಲ್ಲಿ ನೋಡಿ. ಕಂಪ್ಲಿ ಕಡೆಯ ತುಂಗಭದ್ರೆಯಲ್ಲಿ ನೀರುನಾಯಿ ಹುಡುಕಿ ಗೊತ್ತಿದ್ದವರಿಗೆ ಕಷ್ಟ ಇಲ್ಲ. ಗಾಳಿ ನಿಮ್ಮ ಕಡೆಯಿಂದ ಅದರ ಕಡೆಗೆ ಬೀಸಬಾರದು, ಅಷ್ಟೇ.

ಫೇರ್ ಐಲ್‌ಗೆ ಆಸೆ ಇದ್ದರೆ ಅದಕ್ಕೇ ಮೂರ್ನಾಲ್ಕು ದಿನ ಬೇರೆ ಇಡಿ. ಶೆಟ್ಲೆಂಡಿಗೂ ಆರ್ಕ್ನಿಗೂ ನಡುವಿನ ಪುಟ್ಟ ದ್ವೀಪ, ಸುಮಾರು 5 ಕಿಲೋಮೀಟರ್ ಉದ್ದ. 1948ರಲ್ಲಿ ಅಲ್ಲಿ ಪಕ್ಷಿ ಅಧ್ಯಯನ ಕೇಂದ್ರ ಶುರುವಾಯಿತು. 2019ರಲ್ಲಿ ಬೆಂಕಿಗೆ ಸುಟ್ಟುಹೋಯಿತು, ಮತ್ತೆ ಕಟ್ಟಿದ್ದಾರೆ. ಹೋಗೋದು ಟಿಂಗ್‌ವಾಲ್‌ನಿಂದ ಪುಟ್ಟ ವಿಮಾನದಲ್ಲಿ ಅಥವಾ ಗುಡ್ ಶೆಪರ್ಡ್ ಅನ್ನೋ ದೋಣಿಯಲ್ಲಿ. ಮಂಜು ಬಿದ್ದರೆ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತೀರಿ. ಹಾಗಾಗಿ ಪ್ರವಾಸದ ಕೊನೆಗೆ ಇದನ್ನು ಇಡಲೇಬೇಡಿ.

ಬಟ್ಟೆ, ದುರ್ಬೀನು, ಬುತ್ತಿ

ಬಳ್ಳಾರಿ ಜೀನ್ಸ್ ಇಡೀ ದೇಶಕ್ಕೆ ಹೋಗುತ್ತದೆ, ಆದರೆ ಶೆಟ್ಲೆಂಡ್‌ಗೆ ಬೇಡ. ಒದ್ದೆಯಾದರೆ ಎರಡು ದಿನ ಒಣಗಲ್ಲ, ಕಾಲಿಗೆ ಮಂಜುಗಡ್ಡೆ ಸುತ್ತಿದ ಹಾಗಾಗುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿಯಲ್ಲಿ ಕೂತು 12 ಡಿಗ್ರಿಗೆ ಬಟ್ಟೆ ಆರಿಸೋದು ಕಷ್ಟ, ಮೈಗೆ ನಂಬಿಕೆಯೇ ಬರಲ್ಲ. ಜೂನ್‌ನಲ್ಲೂ ಅಲ್ಲಿ ಹಗಲು 12–14 ಡಿಗ್ರಿ, ಜತೆಗೆ ಬಿಡದ ಗಾಳಿ. ಬೇಗ ಒಣಗುವ ಪ್ಯಾಂಟು, ಒಳಗೆ ಉಣ್ಣೆಯ ತೆಳು ಬನಿಯನ್ನು, ಅದರ ಮೇಲೆ ಸ್ವೆಟರ್, ಎಲ್ಲದರ ಮೇಲೆ ನಿಜವಾಗಿ ನೀರು ತಡೆಯುವ ಜಾಕೆಟ್ ಮತ್ತು ಪ್ಯಾಂಟು. ಬೈಕಿಗೆ ಹಾಕುವ ಪ್ಲಾಸ್ಟಿಕ್ ರೇನ್‌ಕೋಟು ಆ ಗಾಳಿಗೆ ಹರಿದು ಚಿಂದಿಯಾಗುತ್ತದೆ. ಬೆರಳು ಆಡಿಸೋಕೆ ಬರುವಂಥ ಕೈಗವಸು, ಕಿವಿ ಮುಚ್ಚೋ ಟೋಪಿ ಬೇಕು. ಪೂರ್ತಿ ಕತ್ತಲಾಗಲ್ಲವಾದ್ದರಿಂದ ನಿದ್ದೆಗೆ ಕಣ್ಣುಪಟ್ಟಿ ಬೇಕು. ಕೊಡೆ ಬೇಡ, ಅಲ್ಲಿ ಯಾರೂ ಹಿಡಿಯಲ್ಲ.

ಶೂ ಹೊಸದು ತಗೊಂಡರೆ ಇಲ್ಲೇ ತಿಂಗಳುಗಟ್ಟಲೆ ಹಾಕಿ ಪಳಗಿಸಿ. ದರೋಜಿ ಗುಡ್ಡ, ಸಂಡೂರು ಗುಡ್ಡ ಇರೋದೇ ಅದಕ್ಕೆ. ಹುಲ್ಲಿನಲ್ಲಿ ಉಣ್ಣಿ ಇರುತ್ತದೆ, ಕಾಯಿಲೆ ಹರಡುತ್ತದೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತೂರಿಸಿ, ರಾತ್ರಿ ಮೈ ನೋಡಿಕೊಳ್ಳಿ. ಹೆಬ್ರಿಡೀಸ್ ಕಡೆ ಹೋಗುವವರಿಗೆ ಮಿಡ್ಜ್ ಅನ್ನೋ ಕಣ್ಣಿಗೆ ಕಾಣದಷ್ಟು ಸಣ್ಣ ನೊಣದ ಕಾಟ ಇದೆ, ತಲೆಗೆ ಬಲೆ ಬೇಕು. ಗಾಳಿ ಇದ್ದಾಗ ಅವು ಏಳಲ್ಲ.

ದುರ್ಬೀನು 8x42 ಅಥವಾ 8x32 (ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನೋದು). ಹಡಗು ಅಲ್ಲಾಡುವಾಗ 10x ಹಿಡಿದರೆ ಹಕ್ಕಿ ನಿಲ್ಲಲ್ಲ. ಉಪ್ಪುನೀರು ಸಿಡಿದರೆ ಬಟ್ಟೆಯಿಂದ ಹಾಗೇ ಒರೆಸಬೇಡಿ, ಗಾಜು ಗೀಚುತ್ತದೆ. ಸಿಹಿನೀರು ಹಾಕಿ ಆಮೇಲೆ ಒರೆಸಿ. ಹೊರಡುವ ಮುಂಚಿನ ಚಳಿಗಾಲದಲ್ಲಿ ಕೊಪ್ಪಳ ಕಡೆಯ ಹಿನ್ನೀರಿನ ದಡದಲ್ಲಿ ಕೂತು ದೂರದ ಪಟ್ಟೆತಲೆ ಹೆಬ್ಬಾತುಗಳನ್ನು ಗಾಳಿಯಲ್ಲೇ ಎಣಿಸಿ ನೋಡಿ. ನೀರಿನ ಗುಂಡಿ ಮುಂದೆ ಹೈಡ್‌ನಲ್ಲಿ (ಹಕ್ಕಿಗೆ ಕಾಣದಂತೆ ಕೂರೋ ಮರೆಯಲ್ಲಿ) ಕೂತು ಹಕ್ಕಿ ಬಂದಾಗ ಕ್ಲಿಕ್ ಮಾಡೋ ಅಭ್ಯಾಸ ಅಲ್ಲಿ ಕೆಲಸಕ್ಕೆ ಬರಲ್ಲ. ಹಕ್ಕಿ ಕೂಗಿನ ರೆಕಾರ್ಡಿಂಗ್ ಹಾಕಿ ಕರೆಯೋದಂತೂ ಬೇಡವೇ ಬೇಡ. ಕಾರ್ನ್‌ಕ್ರೇಕ್, ಫ್ಯಾಲರೋಪ್‌ನಂಥ ಹಕ್ಕಿಗಳಿಗೆ ಗೂಡಿನ ಹತ್ತಿರ ತೊಂದರೆ ಕೊಟ್ಟರೆ ಬ್ರಿಟನ್ನಿನ 1981ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಊಟಕ್ಕೆ ಕಡಕ್ ರೊಟ್ಟಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಶೇಂಗಾ ಚಟ್ನಿ ಪುಡಿ, ಗುರೆಳ್ಳು ಪುಡಿ ಜತೆಗಿದ್ದರೆ ಬಂಡೆ ಮೇಲೆ ಕೂತು ಮಧ್ಯಾಹ್ನ ಮುಗಿಯುತ್ತದೆ. ರೊಟ್ಟಿಯನ್ನು ಗಟ್ಟಿ ಡಬ್ಬದಲ್ಲಿ ಹಾಕಿ, ಇಲ್ಲದಿದ್ದರೆ ಬೆಂಗಳೂರಿಗೇ ಪುಡಿಯಾಗುತ್ತದೆ. ತುಪ್ಪ, ಪೇಡಾ, ಖೋವಾ ಬೇಡ. ನಮ್ಮ ದೇಶದಿಂದ ಹಾಲಿನ ಪದಾರ್ಥ, ಮಾಂಸ ಒಯ್ಯೋಕೆ ಬ್ರಿಟನ್ ಬಿಡಲ್ಲ. ಹಸಿ ಕರಿಬೇವು ಕೂಡ ಬ್ಯಾಗಿನಲ್ಲಿ ಇರಬಾರದು. ಅವ್ವ ಎಷ್ಟೇ ಹೇಳಿದರೂ ತೆಗೆದಿಡಿ. ಅಡುಗೆಮನೆ ಇರುವ ಹಾಸ್ಟೆಲ್ ಹಿಡಿಯಿರಿ. ಲರ್ವಿಕ್‌ನಲ್ಲಿ ದೊಡ್ಡ ಸೂಪರ್ ಮಾರ್ಕೆಟ್ ಇದೆ, ಉತ್ತರಕ್ಕೆ ಹೋಗೋ ಮುಂಚೆ ಅಕ್ಕಿ, ಬೇಳೆ, ತರಕಾರಿ ತುಂಬಿಕೊಳ್ಳಿ. ಶುದ್ಧ ಸಸ್ಯಾಹಾರಿಗಳು ಹೋಟೆಲಿನ ಚಿಪ್ಸ್ ಕೂಡ ಕೇಳಿ ತಿನ್ನಿ, ಕೆಲವು ಕಡೆ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಹೆಬ್ರಿಡೀಸ್‌ನ ಲೂಯಿಸ್, ಹ್ಯಾರಿಸ್ ಕಡೆ ಭಾನುವಾರ ಬಹಳಷ್ಟು ಅಂಗಡಿ ಬಾಗಿಲು ತೆರೆಯಲ್ಲ.

ದುಡ್ಡಿನ ಮಾತು. ವಿಮಾನದ ಟಿಕೆಟ್ ಬಿಟ್ಟರೆ ದೊಡ್ಡ ಖರ್ಚು ಕಾರು ಮತ್ತು ರೂಮು. ಇಬ್ಬರೇ ಹೋದರೆ ಕೈ ಸುಡುತ್ತದೆ. ನಾಲ್ಕು ಜನ ಆದರೆ ಸರಿ. ಐದನೆಯವರು ಸೇರಿದರೆ ದೊಡ್ಡ ಕಾರು ಬೇಕಾಗಿ ಲೆಕ್ಕ ಮತ್ತೆ ಮೇಲೆ ಹೋಗುತ್ತದೆ. ಹಿಂದೆ ಮೀನುಗಾರರು ಉಳಿಯುತ್ತಿದ್ದ ಕಲ್ಲಿನ ಮನೆಗಳನ್ನು ಬೋಡ್ ಅಂತ ಕಡಿಮೆ ಬಾಡಿಗೆಗೆ ಕೊಡುತ್ತಾರೆ. ಹಾಸಿಗೆ ಚೀಲ ನೀವೇ ಒಯ್ಯಬೇಕು. ಇನ್ಶೂರೆನ್ಸ್ ಮಾಡಿಸುವಾಗ ಹಡಗು ರದ್ದಾಗಿ ವಿಮಾನ ತಪ್ಪಿದರೆ ಕೊಡುತ್ತಾರಾ ಅಂತ ಓದಿ ನೋಡಿ. ಆಸ್ಪತ್ರೆ ಖರ್ಚು ಮಾತ್ರ ಕೊಡುವ ಪಾಲಿಸಿ ಈ ಪ್ರವಾಸಕ್ಕೆ ಅರ್ಧ ಮಾತ್ರ. ಮತ್ತೆ ಜತೆಗೆ ಬರುವವರನ್ನು ಒಂದು ಪ್ರಶ್ನೆ ಮೊದಲೇ ಕೇಳಿಬಿಡಿ: ಮಳೆ ಗಾಳಿಯಲ್ಲಿ ಮೂರು ತಾಸು ಒಂದೇ ಕಡೆ ಕೂತಿರ್ತೀರಾ ಅಂತ. ‘ನೋಡೋಣ’ ಅಂದವರಿಗೆ ಎಡಿನ್‌ಬರೋ ಕೋಟೆ ತೋರಿಸಿ, ಉಳಿದವರು ಹಡಗು ಹತ್ತಿ.